ಲೀಟರಿಗೆ ಐದು ಗ್ರಾಂ: ಹಾಫ್ಕಿನ್ ಸಾಹೇಬರ ಲೆಕ್ಕ

ಒಂದು ಲೀಟರ್ ದ್ರಾವಣದಲ್ಲಿ ಐದು ಗ್ರಾಂ ಕಾರ್ಬಾಲಿಕ್ ಆ್ಯಸಿಡ್. ಶೇಕಡಾ ಲೆಕ್ಕದಲ್ಲಿ 0.5. ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದ ಯಾರಿಗೂ ಇದು ಕಷ್ಟದ ಲೆಕ್ಕವಲ್ಲ. ಆದರೆ 1902ರಲ್ಲಿ ಒಂದು ಬಾಟಲಿಯಲ್ಲಿ ಈ ಅರ್ಧ ಪರ್ಸೆಂಟ್ ಇರಲಿಲ್ಲ ಎಂಬ ಕಾರಣ ಮುಂದಿಟ್ಟು, ಅಂದಿನ ಭಾರತದ ಅತ್ಯಂತ ಹೆಸರಾಂತ ವಿಜ್ಞಾನಿಯೊಬ್ಬರನ್ನು ಹುದ್ದೆಯಿಂದ ಇಳಿಸಲಾಯಿತು. ಹತ್ತೊಂಬತ್ತು ಸಾವುಗಳ ಹೊಣೆ ಅವರ ತಲೆಗೆ ಬಂತು. ಆ ಲೆಕ್ಕವನ್ನು ಮತ್ತೆ ಬಿಡಿಸಿ ನೋಡುವಂತೆ ಮಾಡಲು ಐದು ವರ್ಷ ಹಿಡಿಯಿತು. ಅವರೇ ವಾಲ್ಡೆಮಾರ್ ಹಾಫ್ಕಿನ್. ಮುಂಬೈಯ ಪರೇಲ್‌ನಲ್ಲಿರುವ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಹೆಸರು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆ ಹೆಸರಿನ ಮನುಷ್ಯ ಹುಬ್ಬಳ್ಳಿ-ಧಾರವಾಡದ ಮನೆಗಳನ್ನೂ ಮುಟ್ಟಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ನಾನು ಕೆಮಿಸ್ಟ್ರಿಯವನಲ್ಲ. ಎಂಟೆಕ್ ಮುಗಿಸಿ ಪುಣೆಗೆ ಬಂದು ಕ್ಯಾಂಪ್‌ನಲ್ಲಿ ಮನೆ ಮಾಡಿಕೊಂಡಿದ್ದೇನೆ. ಔಷಧ ತಯಾರಿಸುವವರ ಪ್ರಯೋಗಾಲಯಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅಲ್ಲಿ ದಿನವೂ ಎದುರಾಗುವ ಒಂದು ಕಾಲಂ ಇದೆ: ದ್ರಾವಣದ ಸಾಂದ್ರತೆ. ಬರಿಯ 0.5 ಎಂದು ಟೈಪ್ ಮಾಡಿದರೆ ಆ ಸ್ಕ್ರೀನ್ ಮುಂದಕ್ಕೆ ಬಿಡುವುದಿಲ್ಲ. ಯಾವುದರಲ್ಲಿ ಯಾವುದು, ತೂಕವೋ ಅಳತೆಯೋ, ಯಾವ ದಿನ ಮಾಡಿದ್ದು, ಯಾರು ಮಾಡಿದ್ದು ಎಂದೆಲ್ಲ ಕೇಳುತ್ತದೆ. ಇಷ್ಟೊಂದು ಪ್ರಶ್ನೆ ಯಾಕೆ ಎಂದು ಹೊಸದಾಗಿ ಸೇರಿದವರು ಕೇಳುವುದುಂಟು. ಅವರಿಗೆ ನಾನು ಹಾಫ್ಕಿನ್ ಕಥೆ ಹೇಳುತ್ತೇನೆ.

ಊರು ಬಿಟ್ಟ ಹುಡುಗ

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ. ಈಗ ಅದು ಉಕ್ರೇನಿನಲ್ಲಿದೆ. ಯಹೂದಿ ಕುಟುಂಬ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಮುಂದೆ ನೊಬೆಲ್ ಪಡೆದ ಇಲ್ಯಾ ಮೆಚ್ನಿಕೋವ್ ಅವರ ಗುರು. ವಿದ್ಯಾರ್ಥಿ ದೆಸೆಯಲ್ಲಿ ಚಕ್ರವರ್ತಿಯ ಆಡಳಿತದ ವಿರುದ್ಧ ನಿಂತವರ ಜೊತೆ ಸೇರಿ ಪೊಲೀಸರ ಕೈಗೂ ಸಿಕ್ಕಿದ್ದರು. ಓದಿನಲ್ಲಿ ಮುಂದಿದ್ದರೂ ಯಹೂದಿಯಾಗಿ ಉಳಿದರೆ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುವಂತಿರಲಿಲ್ಲ. ಮತ ಬದಲಿಸಿದರೆ ದಾರಿ ಸಲೀಸಾಗುತ್ತಿತ್ತು. ಅವರು ಒಪ್ಪಲಿಲ್ಲ.

1888ರಲ್ಲಿ ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಕೆಲಸ. ಅದನ್ನೇ ಹಿಡಿದು, ಉಳಿದ ಹೊತ್ತಿನಲ್ಲಿ ಪ್ರಯೋಗಾಲಯದಲ್ಲಿ ಕಾಲರಾ ಕ್ರಿಮಿಯ ಬೆನ್ನು ಹತ್ತಿದರು. ಓದಿಗೂ ಸಿಕ್ಕ ಕೆಲಸಕ್ಕೂ ತಾಳೆ ಇಲ್ಲದೆ ಪರಊರಿನಲ್ಲಿ ಮೊದಲ ವರ್ಷಗಳನ್ನು ಕಳೆದವರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಇದು ಅಪರಿಚಿತ ಕಥೆಯಲ್ಲ.

1892ರ ಜುಲೈ 18ರಂದು, ತಾವೇ ತಯಾರಿಸಿದ ಕಾಲರಾ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಪರೀಕ್ಷೆ ಮಾಡಲು ಕಾಲರಾ ಇರುವ ದೇಶವೇ ಬೇಕಿತ್ತು. ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಹಿಂದೆ ಭಾರತದ ವೈಸ್‌ರಾಯ್ ಆಗಿದ್ದವರು. ಅವರ ಬೆಂಬಲದಿಂದ 1893ರಲ್ಲಿ ಹಾಫ್ಕಿನ್ ಕಲ್ಕತ್ತಾಕ್ಕೆ ಬಂದಿಳಿದರು. ಕಲ್ಕತ್ತಾದ ಬಸ್ತಿಗಳಲ್ಲಿ, ಉತ್ತರ ಭಾರತದ ಊರೂರಿನಲ್ಲಿ ಸಾವಿರಾರು ಜನರಿಗೆ ಕಾಲರಾ ಲಸಿಕೆ ಹಾಕಿದರು. ಮಲೇರಿಯಾ ಹಿಡಿದು ಮೈ ಸೋತಾಗ ಇಂಗ್ಲೆಂಡಿಗೆ ಹೋಗಿ, 1896ರಲ್ಲಿ ಮರಳಿ ಬಂದರು.

ಅವರು ವೈದ್ಯರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಪ್ರಾಣಿಶಾಸ್ತ್ರ ಓದಿದವರು, ರಷ್ಯಾದಿಂದ ಬಂದವರು, ಯಹೂದಿ. ಅಂದಿನ ಇಂಡಿಯನ್ ಮೆಡಿಕಲ್ ಸರ್ವಿಸ್ಸಿನ ಇಂಗ್ಲಿಷ್ ವೈದ್ಯರ ನಡುವೆ ಮೂರು ಬಗೆಯಲ್ಲಿ ಹೊರಗಿನವರು.

ತುಪ್ಪದ ಹನಿ, ಮೇಕೆ ಮಾಂಸದ ಸಾರು

1896ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಪ್ಲೇಗ್ ಕಾಣಿಸಿತು. ಅಕ್ಟೋಬರ್‌ನಲ್ಲಿ ಸರ್ಕಾರ ಹಾಫ್ಕಿನ್ ಅವರನ್ನು ಅಲ್ಲಿಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಪಡಸಾಲೆಯೇ ಪ್ರಯೋಗಾಲಯ. ಒಬ್ಬ ಗುಮಾಸ್ತ, ಮೂವರು ಜವಾನರು. ಮೂರು ತಿಂಗಳಲ್ಲಿ ಲಸಿಕೆ ತಯಾರಾಯಿತು.

ಅದನ್ನು ಮಾಡುತ್ತಿದ್ದ ಬಗೆ ನಮ್ಮ ಅಡುಗೆಮನೆಗೆ ದೂರವಲ್ಲ. ಪ್ಲೇಗ್ ಕ್ರಿಮಿ ಬೆಳೆಸಲು ಮಾಂಸದ ಸಾರು ಬೇಕು. ದನದ್ದಾದರೆ ಹಿಂದೂಗಳು, ಹಂದಿಯದ್ದಾದರೆ ಮುಸ್ಲಿಮರು ಮುಟ್ಟುವುದಿಲ್ಲ. ಹಾಗಾಗಿ ಮೇಕೆ ಮಾಂಸ ಬಳಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರು. ಕ್ರಿಮಿಗಳು ಆ ಹನಿಗಳ ಅಡಿಗೆ ಅಂಟಿಕೊಂಡು, ಗುಹೆಯ ಚಾವಣಿಯಿಂದ ಇಳಿಬೀಳುವ ಸುಣ್ಣದ ಕಡ್ಡಿಗಳ ಹಾಗೆ ಕೆಳಕ್ಕೆ ಬೆಳೆಯುತ್ತಿದ್ದವು. ಫ್ಲಾಸ್ಕನ್ನು ಅಲುಗಾಡಿಸಿದರೆ ಅವು ಉದುರಿ ತಳ ಸೇರಿ, ಮೇಲೆ ಹೊಸ ಬೆಳೆ ಶುರುವಾಗುತ್ತಿತ್ತು. ಕೆಲವು ವಾರ ಹೀಗೆ ಬೆಳೆಸಿ, 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಕ್ರಿಮಿಗಳನ್ನು ಕೊಲ್ಲುತ್ತಿದ್ದರು. ಕೊನೆಗೆ ಶೇ. 0.5ರಷ್ಟು ಕಾರ್ಬಾಲಿಕ್ ಆ್ಯಸಿಡ್ ಸೇರಿಸುತ್ತಿದ್ದರು.

ಕಾರ್ಬಾಲಿಕ್ ಆ್ಯಸಿಡ್ ಎಂದರೆ ಇಂದಿನ ಫೀನಾಲ್. ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ವಸ್ತು. ಹಳೆಯ ಕೆಂಪು ಸೋಪಿನಲ್ಲಿ ಬರುತ್ತಿದ್ದ ಆಸ್ಪತ್ರೆಯ ವಾಸನೆ ಇದರದ್ದೇ. 1867ರಲ್ಲಿ ಜೋಸೆಫ್ ಲಿಸ್ಟರ್ ಗಾಯಗಳಿಗೆ ಇದನ್ನು ಬಳಸಿದ ವಿಧಾನ ಪ್ರಕಟಿಸಿದ ಮೇಲೆ ಎಲ್ಲ ವೈದ್ಯರ ಕೈಗೂ ಬಂತು. ಗಟ್ಟಿ ದ್ರಾವಣ ಚರ್ಮ ಸುಡುತ್ತದೆ. ಉಪಕರಣ ತೊಳೆಯಲು ಶೇ. 5, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಲಸಿಕೆ ಕೆಡದಂತೆ ಕಾಯಲು ಅದರ ಹತ್ತನೇ ಒಂದು.

ಲೆಕ್ಕ ಇಲ್ಲಿಂದ ಶುರು. ಶೇ. 5ರ ದ್ರಾವಣದಿಂದ ಶೇ. 0.5ರದ್ದನ್ನು ಮಾಡುವುದು ಹೇಗೆ? ಒಂದು ಲೀಟರ್ ಬೇಕಿದ್ದರೆ 100 ಮಿ.ಲೀ. ತೆಗೆದುಕೊಂಡು, ಒಟ್ಟು ಒಂದು ಲೀಟರ್ ಆಗುವವರೆಗೆ ತುಂಬಿಸಬೇಕು. ಅವಸರದಲ್ಲಿ 100 ಮಿ.ಲೀ.ಯನ್ನು ಪೂರಾ ಒಂದು ಲೀಟರಿಗೆ ಸುರಿದರೆ ಐದು ಗ್ರಾಂ ಈಗ 1,100 ಮಿ.ಲೀ.ಯಲ್ಲಿ ಹಂಚಿಹೋಗಿ ಸಾಂದ್ರತೆ ಶೇ. 0.45ಕ್ಕೆ ಇಳಿಯುತ್ತದೆ. ಲಸಿಕೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಂಬತ್ತು ಪಾಲು ಲಸಿಕೆಗೆ ಒಂದು ಪಾಲು ಕಾರ್ಬಾಲಿಕ್ ನೀರು ಬೆರೆಸಿದರೆ ಲಸಿಕೆಯೂ ಹತ್ತನೇ ಒಂದು ಪಾಲು ತೆಳುವಾಗುತ್ತದೆ. ಫೀನಾಲ್ ಹರಳನ್ನು ತೂಗುವುದೂ ಒಂದು, ನೀರು ಸೇರಿಸಿ ದ್ರವವಾಗಿಸಿದ ಫೀನಾಲನ್ನು ಅಳೆಯುವುದೂ ಒಂದು ಅಂದುಕೊಳ್ಳುವಂತಿಲ್ಲ. ಆ ದ್ರವ 5 ಮಿ.ಲೀ. ಅಳೆದರೆ ಫೀನಾಲ್ ಐದು ಗ್ರಾಂಗಿಂತ ಕಡಿಮೆಯೇ ಬೀಳುತ್ತದೆ. ತೂಕಕ್ಕೆ ತೂಕವೋ, ಅಳತೆಗೆ ತೂಕವೋ ಎಂದು ಹೇಳದ ಪರ್ಸೆಂಟ್ ಅರ್ಧ ಸುದ್ದಿ ಮಾತ್ರ.

1897ರ ಜನವರಿ 10ರಂದು ಹಾಫ್ಕಿನ್ ಪ್ಲೇಗ್ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. 10 ಮಿ.ಲೀ.; ಮುಂದೆ ಜನರಿಗೆ ಕೊಟ್ಟದ್ದರ ಸುಮಾರು ನಾಲ್ಕು ಪಟ್ಟು. ಅದೇ ತಿಂಗಳ ಕೊನೆಗೆ ಪ್ಲೇಗ್ ಹೊಕ್ಕಿದ್ದ ಬೈಕುಲಾ ಜೈಲಿನಲ್ಲಿ ಅರ್ಧದಷ್ಟು ಕೈದಿಗಳು ತಾವಾಗಿಯೇ ಮುಂದೆ ಬಂದರು. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ.

ಪುಣೆಯಿಂದ ಹುಬ್ಬಳ್ಳಿಗೆ

ಅಷ್ಟು ಹೊತ್ತಿಗೆ ಪ್ಲೇಗ್ ಪುಣೆ ತಲುಪಿತ್ತು. ರೋಗಿಗಳ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಫುಲೆ 1897ರ ಮಾರ್ಚ್ 10ರಂದು ಅದೇ ರೋಗಕ್ಕೆ ಬಲಿಯಾದರು. ಪ್ಲೇಗ್ ಸಮಿತಿಯ ಮುಖ್ಯಸ್ಥ ವಾಲ್ಟರ್ ರ್‍ಯಾಂಡ್ ಸೈನಿಕರನ್ನು ಬಿಟ್ಟು ಮನೆ ಮನೆ ಹುಡುಕಿಸಿದ ಬಗೆ ಜನರನ್ನು ರೊಚ್ಚಿಗೆಬ್ಬಿಸಿತು. ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸಹೋದರರು ಆತನ ಮೇಲೆ ಗುಂಡು ಹಾರಿಸಿದರು. ಶಾಲೆಯ ಇತಿಹಾಸದಲ್ಲಿ ನಾವು ಓದಿದ್ದು ಇದನ್ನೇ. ಬಲವಂತ, ಬಂದೂಕಿನ ಈ ಗಲಾಟೆಯ ಪಕ್ಕದಲ್ಲೇ ಲಸಿಕೆಯ ಕೆಲಸ ಸದ್ದಿಲ್ಲದೆ ನಡೆದಿತ್ತು. ಹಾಫ್ಕಿನ್ ಬಲವಂತವಾಗಿ ಚುಚ್ಚುವುದಕ್ಕೆ ಒಲವು ತೋರಿದವರಲ್ಲ. ಒಪ್ಪಿದವರಿಗೆ ಮಾತ್ರ ಕೊಟ್ಟು, ಒಪ್ಪದವರ ಜೊತೆ ಹೋಲಿಸಿ ಲೆಕ್ಕ ತೋರಿಸುವುದು ಅವರ ದಾರಿ.

ಕ್ಯಾಂಪ್‌ನಿಂದ ನದಿಯಾಚೆಗೆ ಇರುವ ಖಡಕಿಯ ಸೇನಾ ವಸತಿಯ ಲೆಕ್ಕ ನೋಡಿ. ಅಲ್ಲಿ 1,530 ಜನ. ಲಸಿಕೆ ಪಡೆದವರು 671, ಪಡೆಯದವರು 859. ಪಡೆದವರಲ್ಲಿ 32 ಮಂದಿಗೆ ಪ್ಲೇಗ್ ಬಂದು 17 ಸಾವು. ಪಡೆಯದವರಲ್ಲಿ 143 ಮಂದಿಗೆ ಬಂದು 98 ಸಾವು. ಮೊದಲ ಗುಂಪಿನಲ್ಲಿ ಸಾವು ಶೇ. 2.5, ಎರಡನೆಯದರಲ್ಲಿ ಶೇ. 11.4. ಮೊದಲ ಗುಂಪಿಗೂ ಲಸಿಕೆ ಸಿಗದಿದ್ದರೆ 17ರ ಜಾಗದಲ್ಲಿ 76-77 ಹೆಣ ಬೀಳುತ್ತಿದ್ದವು. ಆ ಸಾಲು ಮನೆಗಳಲ್ಲಿ ಸುಮಾರು ಅರವತ್ತು ಜೀವ ಉಳಿದವು. ದಮನ್‌ನಲ್ಲಿ ಇನ್ನೂ ದೊಡ್ಡ ಲೆಕ್ಕ. ಲಸಿಕೆ ಪಡೆದ 2,197 ಮಂದಿಯಲ್ಲಿ 36 ಸಾವು, ಪಡೆಯದ 6,033 ಮಂದಿಯಲ್ಲಿ 1,482. ಇಲ್ಲಿಯೂ ಹಾಫ್ಕಿನ್ ಮಾಡಿದ್ದು ದ್ರಾವಣದ ಲೆಕ್ಕವನ್ನೇ ಅನ್ನಬಹುದು. ಎಷ್ಟರಲ್ಲಿ ಎಷ್ಟು ಎಂದು ಹೇಳದೆ ಯಾವ ಅಂಕಿಯನ್ನೂ ಅವರು ಮುಂದಿಡುತ್ತಿರಲಿಲ್ಲ.

ಪುಣೆಯಿಂದ ಬೆಳಗಾವಿ, ಲೋಂಡಾ ಮೇಲೆ ಹುಬ್ಬಳ್ಳಿಗೆ ಹೋಗುವ ರೈಲು ಹಾದಿ ನಮ್ಮಲ್ಲಿ ಅನೇಕರಿಗೆ ಹಬ್ಬದ ಹಾದಿ. ಅಂದು ಅದು ಸದರ್ನ್ ಮರಾಠಾ ರೈಲ್ವೆ. ಹುಬ್ಬಳ್ಳಿಯಲ್ಲಿ ಅದರ ಕಾರ್ಖಾನೆ, ಧಾರವಾಡದಲ್ಲಿ ಕಚೇರಿ. ಜನ, ಹತ್ತಿ, ಕಾಳುಕಡಿ ಬಂದ ಹಾಗೆ ಪ್ಲೇಗೂ ಈ ಭಾಗಕ್ಕೆ ಬಂತು. ಮನೆ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲ ಅದು. ಮುಂದೆ ಎಷ್ಟೋ ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು.

1898ರಲ್ಲಿ ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ಮುಂದೆ ನಿಂತು ಹಾಫ್ಕಿನ್ ಲಸಿಕೆ ಹಾಕಿಸಿದರು. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ 35 ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಊರಿನ ಜನಸಂಖ್ಯೆಯ ಬಹುಪಾಲು ಅದು. ಧಾರವಾಡದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಇದೇ ಕೆಲಸದಲ್ಲಿದ್ದರು. ಗಂಡು ಡಾಕ್ಟರ ಮುಂದೆ ತೋಳು ಚಾಚಲು ಹಿಂಜರಿಯುತ್ತಿದ್ದ ಹೆಂಗಸರಿಗೆ ವೈದ್ಯೆ ಸಿಕ್ಕಿದ್ದು ಎಷ್ಟು ದೊಡ್ಡ ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ. ಒಂದಿಡೀ ಊರು ಈ ಪ್ರಮಾಣದಲ್ಲಿ ಪ್ಲೇಗ್ ಲಸಿಕೆ ಪಡೆದ ಮೊದಲ ನಿದರ್ಶನಗಳಲ್ಲಿ ನಮ್ಮ ಹುಬ್ಬಳ್ಳಿ ಒಂದು. ಅವರ ತೋಳಿಗೆ ಇಳಿದ ಪ್ರತಿ ಹನಿಯಲ್ಲೂ ಆ ಅರ್ಧ ಪರ್ಸೆಂಟ್ ಇತ್ತು. ಒಬ್ಬರಿಗೆ 2.5 ಮಿ.ಲೀ. ಎಂದು ಹಿಡಿದರೆ 12.5 ಮಿಲಿಗ್ರಾಂ. ಒಂದು ಲಕ್ಷ ಜನರಿಗೆ ಬೇಕಾಗುವುದು ಒಂದೂಕಾಲು ಕಿಲೋ ಫೀನಾಲ್ ಮಾತ್ರ.

ಮುಲ್ಕೋವಾಲ್

1899ರ ಆಗಸ್ಟ್ 10ರಂದು ಪರೇಲ್‌ನ ಹಳೆಯ ಗವರ್ನಮೆಂಟ್ ಹೌಸ್‌ನಲ್ಲಿ ಪ್ಲೇಗ್ ರಿಸರ್ಚ್ ಲ್ಯಾಬೊರೇಟರಿ ಶುರುವಾಯಿತು. ಹಾಫ್ಕಿನ್ ಅದರ ಮುಖ್ಯಸ್ಥರು. 1902ರ ಹೊತ್ತಿಗೆ ಪಂಜಾಬಿನಲ್ಲಿ ಪ್ಲೇಗ್ ಭೀಕರವಾಯಿತು. ಅಲ್ಲಿಯ ಸರ್ಕಾರ ಲಕ್ಷಗಟ್ಟಲೆ ಡೋಸ್ ಕೇಳಿತು. ಸಾರಿನಲ್ಲಿ ಬೆಳೆಸಲು ವಾರಗಟ್ಟಲೆ ಬೇಕು. ಅದಕ್ಕೆ ಹಾಫ್ಕಿನ್ ಅಗರ್ ಎಂಬ ಗಟ್ಟಿ ಮಾಧ್ಯಮದ ಮೇಲೆ ಬೇಗ ಬೆಳೆಸುವ ಹೊಸ ವಿಧಾನ ತಂದರು. ಆ ವಿಧಾನದಲ್ಲಿ ಕ್ರಿಮಿಗಳನ್ನು ಕೊಲ್ಲುವುದು ಶಾಖ ಮಾತ್ರ. ಕಾರ್ಬಾಲಿಕ್ ಆ್ಯಸಿಡ್ ಸೇರಿಸುತ್ತಿರಲಿಲ್ಲ.

ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಐದು ಬಾಟಲಿಗಳಿಂದ ಲಸಿಕೆ ಹಾಕಲಾಯಿತು. ಆ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. ಕೆಲವೇ ದಿನಗಳಲ್ಲಿ 19 ಮಂದಿಗೆ ಧನುರ್ವಾಯು ಬಂತು. ಹತ್ತೊಂಬತ್ತು ಮಂದಿಯೂ ಸತ್ತರು. ಅಷ್ಟೂ ಜನ ಒಂದೇ ಬಾಟಲಿಯವರು. ಅದರ ಸಂಖ್ಯೆ 53-ಎನ್. ಉಳಿದ ನಾಲ್ಕು ಬಾಟಲಿಗಳ 88 ಮಂದಿಗೆ ಏನೂ ಆಗಲಿಲ್ಲ.

ಹತ್ತೊಂಬತ್ತು ಮನೆಗಳಲ್ಲಿ ಏನಾಗಿರಬೇಕು ಎಂದು ಯೋಚಿಸಿ. ರೋಗ ಬರದಿರಲಿ ಎಂದು ನಂಬಿ ಕೈ ಚಾಚಿದವರು ಅವರು. ತನಿಖೆ ಆಗಲೇಬೇಕಿತ್ತು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ನೇತೃತ್ವದ ಆಯೋಗ ಕೂತಿತು. ಜೊತೆಗೆ ಇಬ್ಬರು ವೈದ್ಯಾಧಿಕಾರಿಗಳು: ಬೊಮ್‌ಫರ್ಡ್ ಮತ್ತು ಡೇವಿಡ್ ಸೆಂಪಲ್. ಬಾಟಲಿ ಹಳ್ಳಿಯಲ್ಲಿ ತೆರೆಯುವ ಮೊದಲೇ, ಅಂದರೆ ಪರೇಲ್‌ನಲ್ಲೇ ಕಲುಷಿತವಾಗಿತ್ತು ಎಂಬುದು ಆಯೋಗದ ತೀರ್ಮಾನ. ಕಾರ್ಬಾಲಿಕ್ ಬಿಟ್ಟದ್ದು ದೊಡ್ಡ ಲೋಪವಾಗಿ ಕಂಡಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡರು. 1904ರಲ್ಲಿ ಭಾರತ ಬಿಟ್ಟು ಹೋದರು.

ಎಷ್ಟು, ಎಷ್ಟು ಹೊತ್ತು

ಈಗ ಲೆಕ್ಕವನ್ನು ನಾವೇ ಬಿಡಿಸೋಣ. ಒಬ್ಬರಿಗೆ 2.5 ಮಿ.ಲೀ.ನಂತೆ 19 ಮಂದಿಗೆ ಸುಮಾರು 50 ಮಿ.ಲೀ. ಲಸಿಕೆ. ಅದರಲ್ಲಿ ಅರ್ಧ ಪರ್ಸೆಂಟ್ ಎಂದರೆ ಕಾಲು ಗ್ರಾಂ ಫೀನಾಲ್. ಆ ಕಾಲು ಗ್ರಾಂ ಇದ್ದಿದ್ದರೆ ಹತ್ತೊಂಬತ್ತು ಜನ ಬದುಕುತ್ತಿದ್ದರೇ?

ಧನುರ್ವಾಯುವಿನ ಕ್ರಿಮಿ ಬೀಜಾಣುವಾಗಿ ಮಣ್ಣಿನಲ್ಲಿರುತ್ತದೆ. ಗಟ್ಟಿ ಕವಚದ ಬೀಜಾಣು. 65 ಡಿಗ್ರಿ ಶಾಖಕ್ಕೆ ಅದು ಸಾಯುವುದಿಲ್ಲ. ಜಪಾನಿನ ಕಿಟಾಸಾಟೊ 1889ರಲ್ಲೇ ಪರೀಕ್ಷಿಸಿ ತೋರಿಸಿದ್ದರು: ಶೇ. 5ರ ಕಾರ್ಬಾಲಿಕ್‌ನಲ್ಲಿ ಮುಳುಗಿಸಿಟ್ಟರೂ ಹತ್ತು ಗಂಟೆಯ ನಂತರ ಬೀಜಾಣು ಜೀವಂತ. ಸಾಯಲು ಹದಿನೈದು ಗಂಟೆ ಬೇಕು. ಇದು ಲಸಿಕೆಯಲ್ಲಿ ಹಾಕುತ್ತಿದ್ದದ್ದರ ಹತ್ತು ಪಟ್ಟು ಗಟ್ಟಿಯಾದ ದ್ರಾವಣ. ಹಾಗಾದರೆ ಶೇ. 0.5 ಬೀಜಾಣುವನ್ನು ಕೊಲ್ಲುತ್ತದೆಂದು ನೆಚ್ಚುವಂತಿಲ್ಲ. ಅದು ಮಾಡುವ ಕೆಲಸ ಬೇರೆ: ಬಾಟಲಿಯೊಳಗೆ ಕ್ರಿಮಿ ಮೊಳೆತು ಬೆಳೆಯದಂತೆ ತಡೆಯುವುದು.

ಇನ್ನು ಎರಡು ಸಾಧ್ಯತೆ. ಒಂದು, ಬೀಜಾಣು ಪರೇಲ್‌ನಲ್ಲೇ ಸೇರಿತ್ತು. ಬಾಟಲಿ ತುಂಬಿ ಆರು ವಾರದ ಹತ್ತಿರ ಆಗಿತ್ತು. ಕಾರ್ಬಾಲಿಕ್ ಇಲ್ಲದ ಪೋಷಕ ದ್ರವದಲ್ಲಿ ಅಷ್ಟು ದಿನ ಇದ್ದರೆ ಅದು ಹುಲುಸಾಗಿ ಬೆಳೆದು ನಾರಬೇಕು. ಆದರೆ ಲಸಿಕೆ ಹಾಕಿದ ವೈದ್ಯರು ಬಾಟಲಿ ತೆರೆದಾಗ ಮೂಸಿ ನೋಡಿದ್ದರು, ದುರ್ವಾಸನೆ ಇರಲಿಲ್ಲ. ಬಾಟಲಿಯಲ್ಲೇ ವಿಷ ತುಂಬಿದ್ದಿದ್ದರೆ ರೋಗದ ಲಕ್ಷಣವೂ ಇನ್ನೂ ಬೇಗ ಕಾಣಬೇಕಿತ್ತು. ಎರಡು, ಬೀಜಾಣು ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸೇರಿತು. ಬಿರಡೆ ಎಳೆಯುವ ಇಕ್ಕುಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಆತ ಅದನ್ನು ಕಾರ್ಬಾಲಿಕ್ ನೀರಿನಲ್ಲಿ ಅಲುಗಾಡಿಸಿ ತೆಗೆದು, ಅದರಿಂದಲೇ ಬಿರಡೆ ಎಳೆದಿದ್ದ. ಆ ನೀರು ಶೇ. 5ರದ್ದೇ ಎಂದು ಇಟ್ಟುಕೊಳ್ಳೋಣ. ಬೇಕಿದ್ದದ್ದು ಹದಿನೈದು ಗಂಟೆ, ಸಿಕ್ಕಿದ್ದು ಕೆಲವು ಕ್ಷಣ. ಇಕ್ಕುಳವನ್ನು ದೀಪದ ಉರಿಗೆ ಹಿಡಿದಿದ್ದರೆ ಸಾಕಿತ್ತು. ಹೀಗೆ ಕೊನೆ ಗಳಿಗೆಯಲ್ಲಿ ಸೇರಿದ ಬೀಜಾಣುವನ್ನು ಲಸಿಕೆಯೊಳಗಿನ ಅರ್ಧ ಪರ್ಸೆಂಟ್ ತಡೆಯುತ್ತಿರಲಿಲ್ಲ. ಬಾಟಲಿಯಿಂದ ಸಿರಿಂಜಿಗೆ, ಸಿರಿಂಜಿನಿಂದ ತೋಳಿಗೆ ಹೋಗಲು ಎಷ್ಟು ಹೊತ್ತು?

ಇಲ್ಲಿ ಗಮನಿಸಬೇಕಾದದ್ದು ಇಷ್ಟೇ. ಸಾಂದ್ರತೆ ಒಂದೇ ಅಂಕಿಯಲ್ಲಿ ಮುಗಿಯುವ ಸಂಗತಿಯಲ್ಲ. ಎಷ್ಟು ಗಟ್ಟಿ ಎನ್ನುವುದರ ಜೊತೆಗೆ ಎಷ್ಟು ಹೊತ್ತು, ಯಾವುದರ ಮೇಲೆ ಎಂದು ಕೇಳಬೇಕು. ಕಾರ್ಬಾಲಿಕ್ ಇರಲಿಲ್ಲ ಎಂಬುದು ನಿಜ. ಅದೇ ಕಾರಣಕ್ಕೆ ಜನ ಸತ್ತರು ಎಂಬುದು ಆ ನಿಜದಿಂದ ತಾನಾಗಿ ಹುಟ್ಟುವುದಿಲ್ಲ.

ಈ ಸಾಕ್ಷ್ಯಗಳೆಲ್ಲ ದಾಖಲೆಯಲ್ಲೇ ಇದ್ದವು. ಜೋಡಿಸಿ ಓದುವವರು ಬೇಕಿತ್ತು. ಲಂಡನ್ನಿನ ಲಿಸ್ಟರ್ ಇನ್‌ಸ್ಟಿಟ್ಯೂಟ್ ಮರುಪರಿಶೀಲನೆ ನಡೆಸಿತು. ಭಾರತದಲ್ಲಿ ಸೇವೆಯಲ್ಲಿದ್ದು, ಬೆಂಗಳೂರಿನಲ್ಲೂ ಕೆಲಸ ಮಾಡಿ, ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಹಾಫ್ಕಿನ್ ಪರ ನಿಂತರು. 1907ರ ಜುಲೈ 29ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ರಾಸ್ ಸೇರಿ ಹತ್ತು ವಿಜ್ಞಾನಿಗಳ ಪತ್ರ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ತಪ್ಪಾಯಿತೆಂಬುದಕ್ಕೆ ಆಧಾರವಿಲ್ಲ, ಹಳ್ಳಿಯಲ್ಲೇ ಆಯಿತೆಂಬುದಕ್ಕೆ ಬಲವಾದ ಆಧಾರವಿದೆ ಎಂಬುದು ಅದರ ಸಾರ. ಫ್ರಾನ್ಸಿನಲ್ಲಿ ಸುಳ್ಳು ಆರೋಪಕ್ಕೆ ಗುರಿಯಾದ ಯಹೂದಿ ಸೇನಾಧಿಕಾರಿ ಡ್ರೈಫಸ್ ಪ್ರಕರಣಕ್ಕೆ ಇದನ್ನು ಹೋಲಿಸಿದವರೂ ಇದ್ದರು. 1907ರ ಕೊನೆಗೆ ಹಾಫ್ಕಿನ್ ದೋಷಮುಕ್ತರಾದರು.

ಆಮೇಲೆ

ಹೆಸರು ಮರಳಿ ಬಂತು, ಪರೇಲ್ ಬರಲಿಲ್ಲ. ಅಲ್ಲಿ ಬೇರೆಯವರು ಕೂತಿದ್ದರು. ಹಾಫ್ಕಿನ್ ಕಲ್ಕತ್ತಾದಲ್ಲಿ ಕೆಲಸ ಒಪ್ಪಿಕೊಂಡರು. ಆದರೆ ಮನುಷ್ಯರ ಮೇಲೆ ಹೊಸ ಲಸಿಕೆ ಪರೀಕ್ಷಿಸಲು ಅನುಮತಿ ಸಿಗಲಿಲ್ಲ. ಜೈಲಿನಲ್ಲಿ, ಬಸ್ತಿಯಲ್ಲಿ, ಸೇನಾ ಲೈನ್‌ಗಳಲ್ಲಿ ಜನರ ನಡುವೆ ಕೆಲಸ ಮಾಡಿದ ಮನುಷ್ಯ ಕೊನೆಯ ವರ್ಷಗಳನ್ನು ಮೇಜಿನ ಮುಂದೆ ಕಳೆದರು. ನಿವೃತ್ತಿಯಾಗಿ ಯುರೋಪಿಗೆ ಹೋದರು. ಮದುವೆ ಆಗಿರಲಿಲ್ಲ. ಕೂಡಿಟ್ಟ ಹಣವನ್ನು ಯಹೂದಿ ಮಕ್ಕಳ ಧಾರ್ಮಿಕ ಶಿಕ್ಷಣಕ್ಕೆ ಬರೆದಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಆಯೋಗದಲ್ಲಿ ಕೂತಿದ್ದ ಡೇವಿಡ್ ಸೆಂಪಲ್ ಅವರನ್ನೂ ನಾವು ಬಲ್ಲೆವು, ಹೆಸರು ಗೊತ್ತಿಲ್ಲದೆ. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಯ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಚಿಕ್ಕಂದಿನಲ್ಲಿ ಹೆದರಿಸುತ್ತಿದ್ದರಲ್ಲ, ಆ ಲಸಿಕೆಯನ್ನು 1911ರಲ್ಲಿ ಕಸೌಲಿಯಲ್ಲಿ ರೂಪಿಸಿದವರು ಅವರೇ. ಪ್ರಾಣಿಯ ಮೆದುಳಿನಲ್ಲಿ ಬೆಳೆಸಿದ ರೇಬಿಸ್ ವೈರಾಣುವನ್ನು ಅವರು ನಿಷ್ಕ್ರಿಯಗೊಳಿಸಿದ್ದು ಇದೇ ಕಾರ್ಬಾಲಿಕ್ ಆ್ಯಸಿಡ್‌ನಿಂದ. 2004ರ ಕೊನೆಯವರೆಗೂ ಆ ಲಸಿಕೆ ನಮ್ಮ ದೇಶದಲ್ಲಿತ್ತು.

ಫೀನಾಲ್ ಇನ್ನೂ ಹೋಗಿಲ್ಲ. ಟೈಫಾಯ್ಡ್‌ನ ಒಂದು ಲಸಿಕೆಯಲ್ಲಿ ಇಂದಿಗೂ ಶೇ. 0.25 ಫೀನಾಲ್ ಇದೆ. ಹಾಫ್ಕಿನ್ ಕಾಲದ್ದಕ್ಕಿಂತ ಪರ್ಸೆಂಟ್ ಅರ್ಧಕ್ಕೆ ಇಳಿದಿದೆ. ಆದರೆ ಈಗಿನ ಡೋಸ್ 0.5 ಮಿ.ಲೀ. ಮಾತ್ರ. ಹಾಗಾಗಿ ಮೈಗೆ ಸೇರುವುದು 1.25 ಮಿಲಿಗ್ರಾಂ, ಅಂದಿನ 12.5ರ ಹತ್ತನೇ ಒಂದು. ಪರ್ಸೆಂಟ್ ಮಾತ್ರ ನೋಡಿದವರಿಗೆ ಅರ್ಧವಾಯಿತು ಅನಿಸುತ್ತದೆ. ಮೈಗೆ ಆದದ್ದು ಹತ್ತನೇ ಒಂದು.

ಕ್ಯಾಂಪ್‌ನಲ್ಲಿ ಡೇವಿಡ್ ಸಸೂನ್ ಕಟ್ಟಿಸಿದ ಓಹೆಲ್ ಡೇವಿಡ್ ಸಿನಗಾಗ್ ಇದೆ. ಕೆಂಪು ಇಟ್ಟಿಗೆಯ ಆ ಯಹೂದಿ ಪ್ರಾರ್ಥನಾ ಮಂದಿರವನ್ನು ಇಲ್ಲಿಯವರು ಲಾಲ್ ದೇವಳ ಅನ್ನುತ್ತಾರೆ. ಹಾಫ್ಕಿನ್ ಈ ದೇಶಕ್ಕೆ ಬರುವ ಮೊದಲೇ ನಿಂತಿದ್ದ ಕಟ್ಟಡ ಅದು. ಸಸೂನ್ ಆಸ್ಪತ್ರೆಯೂ ಅದೇ ಮನೆತನದ್ದು. ಹೊರಗಿನಿಂದ ಬಂದವರು ಊರಿಗೆ ಕೊಟ್ಟುಹೋದದ್ದು ಪುಣೆಯಲ್ಲಿ ಕಣ್ಣಿಗೆ ಕಾಣುವಂತೆಯೇ ಇದೆ. ಹಾಫ್ಕಿನ್ ಕೊಟ್ಟದ್ದು ಮಾತ್ರ ಕಾಣುವುದಿಲ್ಲ. ಬರದೇ ಹೋದ ಸಾವನ್ನು ಯಾರು ತೋರಿಸಲಾದೀತು? ಖಡಕಿಯ ಅರವತ್ತು ಮಂದಿಯ ಮರಿಮಕ್ಕಳು, ಹುಬ್ಬಳ್ಳಿಯಲ್ಲಿ ಚುಚ್ಚಿಸಿಕೊಂಡವರ ಮರಿಮಕ್ಕಳು ಇದೇ ಪುಣೆಯಲ್ಲಿ ನಮ್ಮ ಪಕ್ಕದ ಮೇಜಿನಲ್ಲೇ ಕೂತಿರಬಹುದು.

ಹೊರನಾಡಿನಲ್ಲಿ ದುಡಿಯುವ ನಮಗೆ ಹಾಫ್ಕಿನ್ ಬದುಕಿನಲ್ಲಿ ಕಲಿಯುವುದು ಒಂದಿದೆ. ಎಡವಟ್ಟಾದಾಗ ಮೊದಲು ಬೆರಳು ತೋರುವುದು ಹೊರಗಿನವನ ಕಡೆಗೆ. ಆಗ ಕೈ ಹಿಡಿಯುವುದು ಬರೆದಿಟ್ಟ ಲೆಕ್ಕ: ಯಾವ ಬಾಟಲಿ, ಎಂದು ತುಂಬಿದ್ದು, ಏನು ಸೇರಿಸಿದ್ದು, ಎಷ್ಟರಲ್ಲಿ ಎಷ್ಟು. 53-ಎನ್ ಎಂಬ ಸಂಖ್ಯೆ, ತುಂಬಿದ ದಿನಾಂಕ, ಉಳಿದ ನಾಲ್ಕು ಬಾಟಲಿಗಳ ಲೆಕ್ಕ ಇಲ್ಲದಿದ್ದರೆ ರಾಸ್ ಅಂಥವರಿಗೂ ಹಿಡಿದು ವಾದಿಸಲು ಏನೂ ಇರುತ್ತಿರಲಿಲ್ಲ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ ಎಂಬುದೂ ಇಲ್ಲೇ ಇದೆ. ಅದನ್ನು ತೆರೆದು ಓದುವ ಮನಸ್ಸಿನವರೂ ಬೇಕು. ಪ್ರಯೋಗಾಲಯಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರು ಬಾಟಲಿಯ ಮೇಲೆ ಶೇ. 0.5 ಎಂದಷ್ಟೇ ಬರೆದು ಬಿಡದಿರಲಿ. ಲೀಟರಿಗೆ ಐದು ಗ್ರಾಂ ಎಂದು, ದಿನಾಂಕ ಹಾಕಿ, ಸಹಿ ಮಾಡಿ ಇಡಲಿ.

1925ರಲ್ಲಿ, ಹಾಫ್ಕಿನ್ ಇನ್ನೂ ಬದುಕಿದ್ದಾಗಲೇ, ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1897ರಿಂದ ಆ ವರ್ಷದವರೆಗೆ ಮುಂಬೈಯಿಂದ ಹೊರಟ ಪ್ಲೇಗ್ ಲಸಿಕೆ 2.6 ಕೋಟಿ ಡೋಸ್. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಪರೇಲ್‌ನ ಕಟ್ಟಡದ ಮೇಲೆ ಇಂದಿಗೂ ಅದೇ ಹೆಸರಿದೆ.